ಖಾಲಿ ಕುರ್ಚಿಯ ಎಣಿಕೆ

ಕೊರಳಿನ ಥೈರಾಯ್ಡ್ ಗ್ರಂಥಿ ಎಷ್ಟು ಅಯೋಡಿನ್ ಹೀರುತ್ತದೆಂದು ತಿಳಿಯದೆ ನನ್ನ ಜೋರು ಎದೆಬಡಿತಕ್ಕೆ ಔಷಧಿ ಕೊಡಲಾಗದು ಎಂದಿದ್ದರು ಡಾಕ್ಟರು. ದಾವಣಗೆರೆಯ ಆಸ್ಪತ್ರೆಯಲ್ಲಿ ಅದನ್ನು ಅಳೆಯಲೆಂದು ಕೊಟ್ಟ ವಿಕಿರಣದ ಅಯೋಡಿನ್ ಮಾತ್ರೆಯನ್ನು, ದಿನಾ ಊಟಕ್ಕೆ ಮೊದಲು ಮಾಡುವ ಹಾಗೆ, ‘ಅಕ್ಕಾ, ಮೊದಲು ನಿನಗೆ’ ಎಂದು ಮನಸ್ಸಿನಲ್ಲೇ ಎಡೆಯಿಟ್ಟು ನುಂಗಿದೆ. ಅಕ್ಕ ಚೌಡಮ್ಮ ಗಳಗಂಡದಿಂದ ತೀರಿಕೊಂಡು ಆರು ವರ್ಷವಾಗಿತ್ತು.

ಮರುದಿನ ನಮ್ಮೂರು ಚನ್ನಗಿರಿಯಿಂದ ಮತ್ತೆ ಹೋದಾಗ, ಟೆಕ್ನಿಷಿಯನ್ ನಿಂಗರಾಜ್ ವಿಕಿರಣವಿದ್ದಲ್ಲಿ ಟಿಕ್ ಎಂದು ಎಣಿಸುವ ಯಂತ್ರವನ್ನು ನನ್ನ ಕೊರಳಿಗೆ ಹಿಡಿದ. ಸದ್ದೇ ಇಲ್ಲ.

“ಏನಮ್ಮಾ, ಮಾತ್ರೆ ಉಗುಳಿದ್ರೇನು?” ಎಂದು ನಕ್ಕ.

“ನಿಮ್ಮೆದುರಿಗೇ ನುಂಗಿದ್ನಲ್ರೀ!”

ಯಂತ್ರವನ್ನು ಪಕ್ಕಕ್ಕೆ ತಿರುಗಿಸಿದೊಡನೆ, ನನ್ನ ಪಕ್ಕದ ಖಾಲಿ ಕುರ್ಚಿಯ ಕಡೆ ಅದು ತಾಳ ಹಾಕಿದಂತೆ ಟಿಕ್ ಟಿಕ್ ಎಂದಿತು. ಕೂತವರ ಕೊರಳಿರುವಷ್ಟು ಎತ್ತರದಲ್ಲಿ ಮಾತ್ರ. ಅವನು ಮೂರು ಸಲ ಹಿಡಿದು ನೋಡಿದ.

“ಇಲ್ಲಿ ಯಾರು ಕುಂತಿದ್ರಮ್ಮಾ?” ಎಂದ, ದನಿ ಇಳಿಸಿ.

ರಿಪೋರ್ಟಿನಲ್ಲಿ ನನ್ನ ಹೆಸರಿಗೆ ಸೊನ್ನೆ. ಸೊನ್ನೆ ನೋಡಿ ಔಷಧಿ ಬರೆಯಲಾಗದೆಂದು ಡಾಕ್ಟರು ಆ ರಿಪೋರ್ಟನ್ನೇ ಮಡಿಸಿಕೊಟ್ಟರು.