ಪಕ್ಕದ ಮೊಳೆಯ ಬಿಲ್ಲೆ

ಇದು ನಡೆದದ್ದು ಹಾಡಹಗಲಲ್ಲಿ, ಹೋದ ಕಾರ್ತಿಕದಲ್ಲಿ. ನಾನು ಕ್ಯಾಸಂಬಳ್ಳಿಯಿಂದ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿಗೆ ದಿನಾ ಹಾಲು ತರ್ತೀನಿ. ಅಲ್ಲಿ ಟೀ ಅಂಗಡಿ ಪಕ್ಕ ಒಂದು ಪುಸ್ತಕದ ಕಪಾಟಿದೆ. ಯಾರು ಬೇಕಾದರೂ ಪುಸ್ತಕ ಇಡಬಹುದು, ಒಯ್ಯಬಹುದು. ಬೆಳಿಗ್ಗೆ ಅರ್ಧ ಕಾಲೋನಿ ಅಲ್ಲೇ ಹರಟುತ್ತಾ ನಿಂತಿರುತ್ತೆ. ಅದನ್ನು ನೋಡಿಕೊಳ್ಳುವ ಸೊಣ್ಣಪ್ಪ ಮೊದಲು ಗಣಿಯಲ್ಲಿದ್ದವನು. ಗಣಿಗೆ ಇಳಿಯುವವರು ಬಿಲ್ಲೆ ನೇತುಹಾಕಿ, ಮೇಲೆ ಬಂದಾಗ ತೆಗೆದುಕೊಳ್ಳುತ್ತಿದ್ದ ಪದ್ಧತಿಯನ್ನೇ ಇಲ್ಲೂ ಇಟ್ಟಿದ್ದಾನೆ: ಪುಸ್ತಕ ಒಯ್ಯುವವರು ಅವನು ಕೊಟ್ಟ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಹಾಕಬೇಕು, ವಾಪಸು ತಂದಾಗ ತೆಗೆದುಕೊಳ್ಳಬೇಕು.

ಅವತ್ತು ಓದಿದ ಪುಸ್ತಕ ವಾಪಸಿಟ್ಟು, ಅವಸರದಲ್ಲಿ ನನ್ನದರ ಬದಲು ಪಕ್ಕದ ಮೊಳೆಯ ಬಿಲ್ಲೆ ತಗೊಂಡು ಹೊರಟುಬಿಟ್ಟೆ. ಎರಡನೇ ಮನೆ ತಲುಪುವಷ್ಟರಲ್ಲಿ ಸೊಂಟದ ಚೀಲದಲ್ಲಿ ಅದು ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಮೂರನೇ ಮನೆ ಮೆಟ್ಟಿಲ ಮೇಲೆ ಕ್ಯಾನ್ ಇಟ್ಟರೆ, ಕಲ್ಲಿನೊಳಗಿಂದ ಮೂರು ಸಲ ಕುಟ್ಟಿದ ಸದ್ದು. ಹಾಲಿನಲ್ಲಿ ಅಲೆ ಎದ್ದಿತು. ಮತ್ತೆ ಮೂರು ಸಲ. ನಾನು ವಾಪಸು ಓಡಿದೆ. ಸದ್ದು ಕಾಲಡಿಯಲ್ಲೇ ಬಂತು.

ಬಿಲ್ಲೆ ನೋಡಿ ಸೊಣ್ಣಪ್ಪ ಬಿಳಿಚಿಕೊಂಡ. "ಎಂತಾ ಕೆಲ್ಸ ಮಾಡ್ದಮ್ಮಾ! ಗಣೀಲಿ ಬಿಲ್ಲೆ ತೆಗೆದ್ರೆ ಆಳು ಮ್ಯಾಕ್ ಬಂದ ಅಂತ ಅರ್ಥ. ಆಮ್ಯಾಕೆ ಅವ್ನು ಒಳಗೇ ಸಿಕ್ಕೊಂಡಿದ್ರೂ ಯಾರೂ ಉಡುಕೋದಿಲ್ಲ!"

ಅದನ್ನು ಮತ್ತೆ ಅದೇ ಮೊಳೆಗೆ ಹಾಕಿದೆ. ಸದ್ದು ನಿಂತಿತು. ಇಬ್ಬರಿಗೂ ಹೋದ ಜೀವ ಬಂದ ಹಾಗಾಯಿತು. ಅವನು ಎರಡು ಟೀ ಹೇಳಿದ.

"ಇದು ಯಾರ್ದಣ್ಣಾ?" ಅಂದೆ.

"ಗೊತ್ತಿಲ್ಲ. ನಾನ್ ಕೊಟ್ಟಿದ್ದಲ್ಲ. ಕಪಾಟ್ ಇಟ್ಟ ದಿನ್ವೇ ನೇತಾಡ್ತಿತ್ತು."

ಈಗ ದಿನಾ ಅದನ್ನು ಮುಟ್ಟಿ ನೋಡಿ, ನೆಮ್ಮದಿಯಿಂದ ಹಾಲು ಹಾಕೋಕೆ ಹೋಗ್ತೀನಿ. ಬೇರೆ ಬಿಲ್ಲೆಗಳೆಲ್ಲ ಬೆಳಗಿನ ಚಳಿಗೆ ತಣ್ಣಗಿರುತ್ತವೆ. ಅದೊಂದು ಮಾತ್ರ, ಆಗಷ್ಟೇ ಯಾರೋ ಜೇಬಿನಿಂದ ತೆಗೆದು ಹಾಕಿದ ಹಾಗೆ ಬೆಚ್ಚಗಿರುತ್ತೆ.