ನಾಲ್ಕನೇ ಮೂಲೆ ಕೊಡದ ದೊಡ್ಡೀರ

ಬಹಳ ಬಹಳ ಹಿಂದೆ, ಬಂಡೆಗಳೂ ಬಿಸಿಲಿಗೆ ಬೆವರುತ್ತಿದ್ದ ಕಾಲದಲ್ಲಿ, ಹಾಸುಗಲ್ಲು ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ದೊಡ್ಡೀರ ಅಂತ ಒಬ್ಬ ಪಡ್ಡೆ ಹುಡುಗನಿದ್ದ. ರಾಜಕುಮಾರ ಅಲ್ಲ. ಕುದುರೆ ಇರಲಿಲ್ಲ, ಕತ್ತಿ ಇರಲಿಲ್ಲ. ಇದ್ದದ್ದು ಒಂದು ಮಚ್ಚು, ಹತ್ತು ಬೆರಳು. ಬಿದಿರು ಸೀಳಿ ಕಣಜ ಹೆಣೆಯುವುದು ಅವನ ಕಸುಬು. ಕಣಜ ಅಂದರೆ ಆಳೆತ್ತರದ ದುಂಡನೆಯ ಬುಟ್ಟಿ. ಒಳಗೂ ಹೊರಗೂ ಸಗಣಿ ಮಣ್ಣು ಮೆತ್ತಿ ರಾಗಿ ತುಂಬುವುದು. ದೊಡ್ಡೀರ ಹೆಣೆದ ಕಣಜದೊಳಕ್ಕೆ ಇರುವೆ ಕೂಡ ಅಪ್ಪಣೆ ಕೇಳಿಕೊಂಡು ಹೋಗಬೇಕಿತ್ತು. ಹೀಗಂತ ಅವನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡರೆ ತಪ್ಪೇನು? ಇದ್ದದ್ದನ್ನೇ ಹೇಳುತ್ತಿದ್ದ.

ಆ ರಾಜ್ಯಕ್ಕೆ ಒಂದು ಪೀಡೆ ಅಂಟಿಕೊಂಡಿತ್ತು. ಹೆಸರು ಕೊಂಡಿಸಿದ್ಧ. ಮಂತ್ರವಾದಿ. ತಲೆಯ ಮೇಲೆ ಜೀವಂತ ಚೇಳುಗಳ ಕಿರೀಟ, ಬೆನ್ನ ಹಿಂದೆ ಮಾರುದ್ದದ ಬಾಲ, ಬಾಲದ ತುದಿಯಲ್ಲಿ ಕಬ್ಬಿಣದಂಥ ಕೊಂಡಿ. ರಾಜನ ಅಜ್ಜನ ಕಾಲದಲ್ಲಿ ಅವನು ಅರಮನೆಗೆ ಬಂದು ಕೇಳಿದ್ದ:

"ಪ್ರತಿ ಮನೆಯಲ್ಲೂ ಒಂದು ಮೂಲೆ ನನಗೆ ಕೊಡು. ಒಂದೇ ಒಂದು. ಆ ಮೂಲೆ ಗುಡಿಸಬಾರದು, ಸಾರಿಸಬಾರದು, ಕೈ ಹಾಕಬಾರದು. ಕೊಟ್ಟರೆ ನನ್ನ ಚೇಳುಗಳು ಆ ಮೂಲೆ ಬಿಟ್ಟು ಆಚೆ ಬರುವುದಿಲ್ಲ."

ಒಂದು ಮೂಲೆ ತಾನೆ, ಅಂದ ಅಜ್ಜ. ಕೊಟ್ಟ. ಗುಡಿಸದ ಮೂಲೆಯಲ್ಲಿ ಚೇಳು ಮರಿ ಹಾಕದೆ ಇನ್ನೇನು ಮಾಡುತ್ತದೆ? ಮೂಲೆ ತುಂಬಿತು. ಅಪ್ಪನ ಕಾಲಕ್ಕೆ ಸಿದ್ಧ ಮತ್ತೆ ಬಂದ, ಎರಡನೇ ಮೂಲೆ ಕೇಳಿದ. ಎರಡು ತಾನೆ, ಅಂದ ಅಪ್ಪ. ಮಗ ಪಟ್ಟಕ್ಕೆ ಬಂದ, ಮೂರನೆಯದೂ ಹೋಯಿತು. ಕೋಳಿಗಳು ಚೇಳುಗಳನ್ನು ಕುಕ್ಕಿ ತಿನ್ನುತ್ತವೆ ಅಂತ ಸಿದ್ಧ ಮುನಿಸಿಕೊಂಡ; ಕೋಳಿ ಸಾಕುವುದೂ ನಿಂತಿತು. ಹಾಸುಗಲ್ಲಿನ ಜನ ನಾಲ್ಕು ಮೂಲೆಯ ಮನೆ ಕಟ್ಟಿ ಒಂದು ಮೂಲೆಯಲ್ಲಿ ಬದುಕುತ್ತಿದ್ದರು. ಅಲ್ಲೇ ಒಲೆ, ಅಲ್ಲೇ ಉಣ್ಣುವುದು, ಅಲ್ಲೇ ಚಾಪೆ. ಕಾಲು ಚಾಚಿ ಮಲಗುವವರು ಇಡೀ ರಾಜ್ಯದಲ್ಲಿ ಒಬ್ಬರೂ ಇರಲಿಲ್ಲ.

ದೊಡ್ಡೀರನದು ಅಪ್ಪ ಅವ್ವ ಇಲ್ಲದ ಮನೆ. ಆದರೂ ಅಕ್ಕ ಚೆನ್ನಾಜಿ ಬಾಣಂತನಕ್ಕೆ ತವರಿಗೇ ಬಂದಿದ್ದಳು. ಉಳಿದಿದ್ದ ನಾಲ್ಕನೇ ಮೂಲೆಯಲ್ಲಿ ಅವಳ ಕೂಸಿನ ತೊಟ್ಟಿಲು ತೂಗುತ್ತಿತ್ತು. ಹೆಣ್ಣು ಕೂಸು. ಹುಟ್ಟಿ ಎರಡು ತಿಂಗಳಾದರೂ ಹೆಸರಿಟ್ಟಿರಲಿಲ್ಲ. ಹೆಸರಿಡಬೇಕಾದರೆ ಐದು ಜನ ಮುತ್ತೈದೆಯರು ತೊಟ್ಟಿಲ ಸುತ್ತ ನಿಲ್ಲಬೇಕು. ಒಂದು ಮೂಲೆಯಲ್ಲಿ ಐದು ಜನ ಎಲ್ಲಿ ನಿಲ್ಲುತ್ತಾರೆ?

ಹೀಗಿರುವಾಗ ಒಂದು ಬೆಳಿಗ್ಗೆ ಬೀದಿಯಲ್ಲಿ ಡಂಗುರ ಬಿತ್ತು.

"ಕೇಳ್ರಪ್ಪೋ ಕೇಳಿ! ಬರೋ ಹುಣ್ಣಿಮೆಗೆ ನಾಲ್ಕನೇ ಮೂಲೇನೂ ಸಿದ್ಧನಿಗೆ ಬಿಡಬೇಕೂ!"

ಚೆನ್ನಾಜಿ ತೊಟ್ಟಿಲ ಹಗ್ಗ ಹಿಡಿದು ನಿಂತುಬಿಟ್ಟಳು. "ತಮ್ಮಯ್ಯ, ಈ ಎಳೆಗೂಸನ್ನ ಆ ಸುಡೋ ಬಂಡೆ ಮೇಲೆ ಮಲಗಿಸಲೇನೋ?"

"ಯಾಕಕ್ಕ? ಕೊಟ್ಟರೆ ತಾನೆ ಹೋಗೋದು? ನಾನು ಕೊಡಾಕಿಲ್ಲ."

ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಅರಮನೆಗೆ ನಡೆದ. ಅರಮನೆಯಲ್ಲಿ ನಲವತ್ತು ಕೋಣೆ, ನಲವತ್ತರಲ್ಲೂ ಚೇಳು. ರಾಜ ಸಿಂಹಾಸನದ ನಾಲ್ಕು ಕಾಲನ್ನೂ ನೀರಿನ ಬಟ್ಟಲುಗಳಲ್ಲಿ ಇರಿಸಿಕೊಂಡು ಮೇಲೆ ಮುದುರಿ ಕೂತಿದ್ದ. ಕೆಳಗಿಳಿದು ಆರು ತಿಂಗಳಾಗಿತ್ತು.

"ಎಲ್ಲರೂ ಕೊಡ್ತಾವ್ರೆ, ನೀನೂ ಕೊಟ್ಟುಬಿಡೋ" ಅಂದ ರಾಜ.

"ಕೊಡಾಕೆ ಅದು ನಿಮ್ಮದಲ್ಲ ಬುದ್ಧೀ, ಕೇಳಾಕೆ ಅವನದೂ ಅಲ್ಲ. ಅದು ನಮ್ಮಕ್ಕನ ತೊಟ್ಟಿಲ ಜಾಗ."

ತೊಲೆಯಿಂದ ಕಿಸಕ್ಕನೆ ನಗು ಕೇಳಿಸಿತು. ಕೊಂಡಿಸಿದ್ಧ ಗೋಡೆ ಹಿಡಿದು ಸರಸರನೆ ಇಳಿದು ಬಂದ. "ಯಾರೋ ಇವನು ಬುಟ್ಟಿ ಹೆಣೆಯೋನು?"

"ಬುಟ್ಟಿ ಅಲ್ಲ, ಕಣಜ. ನೋಡಿ ಮಾತಾಡು."

ಸಿದ್ಧನ ಬಾಲ ಸೆಟೆದು ನಿಂತಿತು. "ಮೂರು ದಿನ ನನ್ನ ಕಡೆಯ ಮೂವರು ನಿನ್ನ ಮನೆಗೆ ಬರುತ್ತಾರೆ. ಬದುಕಿ ಉಳಿದರೆ, ಹುಣ್ಣಿಮೆಯ ನಡುಹಗಲಿಗೆ ನಾನೇ ಬರುತ್ತೇನೆ."

"ಮೂರೇ ಜನಾನಾ? ಇನ್ನೂ ನಾಲ್ಕು ಜನ ಕಳಿಸು, ನನಗೂ ಹೊತ್ತು ಹೋಗ್ತದೆ" ಅಂದು ದೊಡ್ಡೀರ ತಿರುಗಿ ನೋಡದೆ ಬಂದ.

ಮೊದಲನೇ ದಿನ ಬೆಳಿಗ್ಗೆ ಹೊಸ್ತಿಲ ಹೊರಗೆ ಅವನ ಮೆಟ್ಟುಗಳು ಜೋಡಿಯಾಗಿ ಕೂತಿದ್ದವು. ಯಾವತ್ತೂ ಇಲ್ಲದ ಹಾಗೆ ಫಳಫಳ ಹೊಳೆಯುತ್ತಿದ್ದವು. ಬೇರೆಯವನಾಗಿದ್ದರೆ ಕಾಲು ತೂರಿಸುತ್ತಿದ್ದ. ದೊಡ್ಡೀರ ಕೋಲಿನಿಂದ ಎತ್ತಿ ನೆಲಕ್ಕೆ ಬಡಿದು ಕೊಡವಿದ. ಎಡಗಾಲಿನ ಮೆಟ್ಟು "ಅಯ್ಯೋ!" ಅಂತು. ಅದರೊಳಗಿಂದ ಮೆಣಸಿನಕಾಯಿ ಬಣ್ಣದ ಕೆಂಚೇಳು ಉದುರಿತು, ಉದುರಿದ್ದೇ ನಾಯಿಯಷ್ಟು ದೊಡ್ಡದಾಯಿತು.

"ಕೊಡವದೆ ಮೆಟ್ಟೋನಲ್ಲ ಕಣೋ ನಾನು" ಅಂದವನೇ ದೊಡ್ಡ ಕುಕ್ಕೆಯೊಂದನ್ನು ಅದರ ಮೇಲೆ ಕವುಚಿ, ಅಡಿಗೆ ಮೊರ ತೂರಿಸಿ, ಹಾಗೇ ಹೊತ್ತುಕೊಂಡು ಹೋಗಿ ಊರಾಚೆ ಬಂಡೆಗೆ ಸುರಿದು ಬಂದ.

ಎರಡನೇ ದಿನ ಒಲೆ ಹಚ್ಚುವ ಹೊತ್ತು. ಗೋಡೆಗೆ ಒರಗಿಸಿ ಒಟ್ಟಿದ್ದ ಸೌದೆಯಲ್ಲಿ ಒಂದು ಕೊರಡು ಮೆಲ್ಲಗೆ ಉಸಿರಾಡುತ್ತಿತ್ತು. ಬೇರೆಯವನಾಗಿದ್ದರೆ ಕೈ ಹಾಕುತ್ತಿದ್ದ. ದೊಡ್ಡೀರ ದೂರ ನಿಂತು ಬಿದಿರಿನ ಗಳುವಿನಿಂದ ತಿವಿದ. ಕೊರಡು ಎಮ್ಮೆಗರುವಿನಷ್ಟು ದೊಡ್ಡ ಕರಿಚೇಳಾಗಿ ಎದ್ದು ಕೊಂಡಿ ಬೀಸಿತು. ಕೊಂಡಿ ಗಳುವನ್ನು ಸೀಳಿಕೊಂಡು ಒಳಗೇ ಸಿಕ್ಕಿಕೊಂಡಿತು. ಅಷ್ಟು ಸಾಕಾಗಿತ್ತು. ಕೊಂಡಿಯ ಬುಡಕ್ಕೆ, ಸರಿಯಾಗಿ ಆ ಗಂಟಿಗೆ, ಎರಡೂ ಕೈ ಹಾಕಿ ಹಿಡಿದುಬಿಟ್ಟ. ಅಲ್ಲಿ ಹಿಡಿದರೆ ಆ ಚೇಳು ಎಷ್ಟು ಒದ್ದಾಡಿದರೂ ಕುಟುಕಲಾರದು. ಅವನ ಊರಿನ ಹುಡುಗರಿಗೆ ಮೀಸೆ ಚಿಗುರುವ ಮೊದಲೇ ಒಲಿಯುವ ವಿದ್ಯೆ ಅದು! ಮೂರು ಸುತ್ತು ಗಿರಗಿರನೆ ತಿರುಗಿಸಿ ಎಸೆದ. ಕರಿಚೇಳು ಕೆಂಚೇಳಿನ ಪಕ್ಕದಲ್ಲೇ ಹೋಗಿ ಬಿತ್ತು.

"ನಾಳೆಯವರು ಇವರಿಗಿಂತ ವಾಸಿ ಇರಬೇಕು" ಅಂತ ಕೈ ಒರೆಸಿಕೊಂಡ.

ಮೂರನೇ ದಿನ ಬಂದದ್ದು ಬಿಳಿಚೇಳು. ಸೂರಿನ ಹುಲ್ಲಿನಿಂದ ತೊಟ್ಟಿಲ ಹಗ್ಗ ಹಿಡಿದು ಇಳಿಯುತ್ತಿತ್ತು. ದೊಡ್ಡೀರ ಮಚ್ಚು ಎತ್ತಿದ. ಮೂಲೆಯಲ್ಲಿ ಕುಕ್ಕೆಯಡಿ ಕೊಕ್ಕೊಕ್ಕೋ ಅಂತ ಸದ್ದಾಯಿತು. ಅದು ಚೆನ್ನಾಜಿ ಯಾರಿಗೂ ಗೊತ್ತಾಗದ ಹಾಗೆ ಸಾಕಿಕೊಂಡಿದ್ದ ಕೋಳಿ, ಪಟ್ಟದರಾಣಿ. ಅದಕ್ಕೂ ವಾಸನೆ ಹೊಡೆದಿತ್ತು.

"ನಿಲ್ಲೋ!" ಚೆನ್ನಾಜಿ ತಮ್ಮನ ಕೈ ಹಿಡಿದಳು. "ಅದರ ಬೆನ್ನು ನೋಡು."

ಬಿಳಿಚೇಳಿನ ಬೆನ್ನ ತುಂಬ ಅಕ್ಕಿ ಕಾಳಿನಂಥ ಮರಿಗಳು, ಸಾವಿರ ಮರಿಗಳು, ಒಂದರ ಮೇಲೊಂದು ಕವುಚಿಕೊಂಡಿದ್ದವು.

"ಅವಳೂ ಬಾಣಂತಿ ಕಣೋ."

ಬಿಳಿಚೇಳು ಹಗ್ಗದ ನಡುವೆ ನಿಂತಿತು. ಮಾತಾಡಿತು. "ತಾಯಿ, ನಮ್ಮ ಜಾಗ ಬಂಡೆಯ ಅಡಿ. ಅವನು ಮಂತ್ರ ಹಾಕಿ ಅಟ್ಟಿಕೊಂಡು ಬಂದು ನಿಮ್ಮ ಮನೆಗಳಿಗೆ ತುಂಬಿದ. ನನ್ನನ್ನು ಬಿಟ್ಟರೆ ಅವನ ಗುಟ್ಟು ಹೇಳುತ್ತೇನೆ. ಮೊದಲನೇ ಮೂಲೆ ಸಿಕ್ಕ ದಿನ ಅವನು ಸೊಕ್ಕಿನಿಂದ ತನ್ನ ಕೊಂಡಿ ಮುಟ್ಟಿ ಆಣೆಯಿಟ್ಟ: ಕೇಳಲು ಹೊಕ್ಕ ಮನೆಯಿಂದ ಮೂಲೆ ಪಡೆಯದೆ ಹೊಸ್ತಿಲು ದಾಟಿದರೆ ನನ್ನ ಕೊಂಡಿ ಉದುರಲಿ, ಅಂತ. ಇನ್ನೊಂದು ಮಾತು. ನಮ್ಮ ಹಾಗೆ ಅವನೂ ಗೋಡೆ ಹಿಡಿದೇ ನಡೆಯುವವನು. ಗೋಡೆ ಬಿಟ್ಟರೆ ಅವನಿಗೆ ಕಾಲೇ ಬಾರದು."

ಚೆನ್ನಾಜಿ ಮೊರ ಒಡ್ಡಿದಳು. ಬಿಳಿಚೇಳು ಅದರ ಮೇಲೆ ಇಳಿಯಿತು. ದೊಡ್ಡೀರ ಅದನ್ನು ಹೊತ್ತು ಹೋಗಿ ತಂಪಾದ ಬಂಡೆಯ ನೆರಳಲ್ಲಿ ಬಿಟ್ಟು ಬಂದ. ಬಂದವನು ಅಂಗಳದಲ್ಲಿ ಅರ್ಧ ಹೆಣೆದು ನಿಂತಿದ್ದ ಕಣಜವನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಹುಣ್ಣಿಮೆಗೆ ಇನ್ನು ಐದು ದಿನ. ದೊಡ್ಡೀರ ತೊಟ್ಟಿಲನ್ನು ಬೇವಿನ ಮರಕ್ಕೆ ಕಟ್ಟಿ, ತನ್ನ ಮನೆಯನ್ನು ತಾನೇ ಕೆಡವಿದ. ಮೂರು ಮೂಲೆಯ ಚೇಳುಗಳು ಬಿಸಿಲಿಗೆ ಬಿದ್ದು ಓಡಿದವು. ಪಟ್ಟದರಾಣಿ ಕುಕ್ಕೆಯಿಂದ ಹೊರಬಂದು, ಓಡಲಾರದ್ದನ್ನೆಲ್ಲ ಕುಕ್ಕಿ ಮುಗಿಸಿತು. ಆಮೇಲೆ ಅವನು ಬಿದಿರು ತಂದ. ಸೀಳಿದ. ಹೆಣೆದ. ಹತ್ತು ಕಣಜಕ್ಕೆ ಸಮನಾದ ಒಂದೇ ಕಣಜ.

ಪಕ್ಕದ ಮನೆಯ ಮರುಳಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಏನ್ಲಾ ದೊಡ್ಡೀರ, ಅಕ್ಕನ್ನ ರಾಗಿ ಥರ ಕಣಜಕ್ಕೆ ತುಂಬ್ತೀಯಾ?"

"ತುಂಬ್ತೀನಿ ಕಣತ್ತೆ. ಹುಳ ಹಿಡೀದಂಗೆ ಇರ್ತಾಳೆ. ನಿನಗೂ ಒಂದು ಹೆಣೆದುಕೊಡ್ಲಾ?"

"ಥೂ, ಹೋಗ್ಲಾ!" ಅಂದಳು ಮರುಳಮ್ಮ. ಅಂದರೂ ಸಂಜೆಯವರೆಗೂ ಅಲ್ಲೇ ನಿಂತು ನೋಡಿದಳು. ಮಾರನೇ ದಿನ ತಾನೇ ಒಂದು ಮಂಕರಿ ಸಗಣಿ ಹೊತ್ತು ತಂದಳು.

ಒಳಗೂ ಹೊರಗೂ ಮಣ್ಣು ಮೆತ್ತಿದರು. ನುಣುಪುಗಲ್ಲಿನಿಂದ ತಿಕ್ಕಿ ತಿಕ್ಕಿ ಕೂದಲೆಳೆಯ ಬಿರುಕೂ ಉಳಿಯದಂತೆ ಮಾಡಿದರು. ಸೌದೆಯನ್ನು ದೂರ ಒಟ್ಟಿದರು. ನಡುಮನೆಗೆ ಒಂದು ಕಂಬ, ಕಂಬಕ್ಕೆ ತೊಟ್ಟಿಲು.

ಹುಣ್ಣಿಮೆ ಬಂತು. ಬಿಸಿಲು ನೆತ್ತಿಗೇರಿತು. ಬೀದಿಯ ಮನೆಗಳ ಗೋಡೆ ಹಿಡಿದುಕೊಂಡೇ ಕೊಂಡಿಸಿದ್ಧ ಬಂದ. ಹಿಂದೆ ರಾಜನ ಪಲ್ಲಕ್ಕಿ. ರಾಜ ಪಲ್ಲಕ್ಕಿಯೊಳಗೂ ನೀರಿನ ಬಟ್ಟಲಲ್ಲಿ ಕಾಲಿಟ್ಟುಕೊಂಡೇ ಕೂತಿದ್ದ. ಊರೆಲ್ಲ ಬಂದು ಅಂಗಳದಲ್ಲಿ ನಿಂತಿತು.

ಸಿದ್ಧ ಬಾಗಿಲು ದಾಟಿ ಒಳಗೆ ಕಾಲಿಟ್ಟ. "ಎಲ್ಲೋ ನನ್ನ ಮೂಲೆ?"

ದೊಡ್ಡೀರ ತೊಟ್ಟಿಲ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಇದೇ ಮನೆ, ಇದೇ ಗೋಡೆ. ಹುಡುಕಿಕೋ ಸಿದ್ಧಪ್ಪ. ಎಷ್ಟು ಮೂಲೆ ಸಿಕ್ತವೋ ಎಲ್ಲಾ ನಿನ್ನವೇ."

ಸಿದ್ಧ ಗೋಡೆ ಹಿಡಿದು ಹೊರಟ. ಕಿರೀಟದ ಚೇಳುಗಳು ಇಳಿದು ಅವನ ಹಿಂದೆ ಸಾಲು ಕಟ್ಟಿದವು. ಮೊದಲನೇ ಸುತ್ತು ಠೀವಿಯಿಂದ ಹಾಕಿದ. ಎರಡನೇ ಸುತ್ತಿಗೆ ಹುಬ್ಬು ಗಂಟಿಕ್ಕಿದ. ಮೂರನೇ ಸುತ್ತಿಗೆ ಓಡಿದ. ಹೋದಷ್ಟೂ ಗೋಡೆ, ಗೋಡೆ ಮುಗಿದಲ್ಲಿ ಬಾಗಿಲು, ಬಾಗಿಲಿನ ಆ ಬದಿಗೆ ಮತ್ತೆ ಅದೇ ಗೋಡೆ.

"ಮೋಸ! ನಾಲ್ಕು ಮೂಲೆ ಎಲ್ಲಿ? ಹೋಗಲಿ, ಮೂರು ಕೊಡು!"

"ಇಲ್ಲ."

"ಎರಡು!"

"ಇಲ್ಲ."

"ಒಂದು ಕೊಡೋ. ಒಂದೇ ಒಂದು!"

"ನಮ್ಮ ರಾಜನ ಅಜ್ಜನಿಗೂ ನೀನು ಇದೇ ಮಾತು ಹೇಳಿದ್ದೆ. ಇಲ್ಲ!"

"ಗೋಡೆ ನೆಲ ಸೇರುವ ಕಡೆ..."

"ಅಲ್ಲೂ ದುಂಡಗೇ ಮೆತ್ತಿದ್ದೀನಿ. ಬೆರಳಾಡಿಸಿ ನೋಡು."

"ಒಂದು ಬೆರಳು ತೂರುವ ಸಂದು!"

"ಹೆಣೆದವನು ನಾನು ಕಣಯ್ಯ. ಸಂದು ಎಲ್ಲಿಂದ ಬರ್ತದೆ?"

ಅಂಗಳದಲ್ಲಿ ಮರುಳಮ್ಮ ಮೊದಲು ನಕ್ಕಳು. ಆಮೇಲೆ ಇನ್ನೊಬ್ಬರು. ಆಮೇಲೆ ಊರಿಗೆ ಊರೇ ನಕ್ಕಿತು. ಕೊಂಡಿಸಿದ್ಧನನ್ನು ನೋಡಿ ಆ ರಾಜ್ಯದಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಸಿದ್ಧ ಕೆರಳಿ ಕೊಂಡಿ ಎತ್ತಿ ತೊಟ್ಟಿಲ ಕಡೆ ನುಗ್ಗಲು ನೋಡಿದ. ಗೋಡೆ ಬಿಟ್ಟು ಒಂದು ಹೆಜ್ಜೆ ಇಡುವಷ್ಟರಲ್ಲಿ ಕಾಲು ತೊಡರಿ ಬಿದ್ದ. ತೆವಳಿಕೊಂಡು ಮತ್ತೆ ಗೋಡೆಗೆ ಅಂಟಿಕೊಂಡ. ತಲೆ ತಿರುಗಿದ ಚೇಳುಗಳು ಒಂದೊಂದಾಗಿ ಬಾಗಿಲಿನಿಂದಾಚೆ ಬಂಡೆಗಳ ಕಡೆ ಹೋದವು. ಅವೇನು ಆಣೆ ಇಟ್ಟಿರಲಿಲ್ಲವಲ್ಲ!

ಚೆನ್ನಾಜಿ ತೊಟ್ಟಿಲು ತೂಗುತ್ತಾ ಹೇಳಿದಳು: "ಸಿದ್ಧಪ್ಪ, ಕೂಸು ಮಲಗೋ ಹೊತ್ತು. ಇರೋದಾದರೆ ಸದ್ದು ಮಾಡದೆ ಸುತ್ತು. ಹೋಗೋದಾದರೆ ಬಾಗಿಲು ಅಲ್ಲಿದೆ."

ನೂರು ಸುತ್ತು ಸುತ್ತಿದ. ಇನ್ನೂರು ಸುತ್ತಿದ. ಕಣ್ಣು ಕತ್ತಲಿಟ್ಟಿತು. ಕೊನೆಗೆ ಹಲ್ಲು ಕಚ್ಚಿ ಹೊಸ್ತಿಲು ದಾಟಿದ.

ಟಣ್! ಕೊಂಡಿ ಕಳಚಿ ಬಿತ್ತು. ಬಾಲ ಒಣಗಿದ ಹಗ್ಗದಂತೆ ಸುರುಟಿ ಉದುರಿತು. ಪಟ್ಟದರಾಣಿ ಓಡಿ ಬಂದು ಕೊಂಡಿಯನ್ನು ಗುಳುಂ ಅಂತ ನುಂಗಿ, ಕೊಕ್ಕನ್ನು ನೆಲಕ್ಕೆ ಒರೆಸಿತು. ಅಂಗಳದಲ್ಲಿ ಉಳಿದದ್ದು ಏದುಸಿರು ಬಿಡುವ ಒಬ್ಬ ಬೋಳುತಲೆಯ ಮುದುಕ.

ಜನ ಕಲ್ಲು ಎತ್ತಿಕೊಂಡರು. ದೊಡ್ಡೀರ ಅಡ್ಡ ನಿಂತ. "ಕೊಂದುಬಿಟ್ಟರೆ ಗುಡಿಸೋರು ಯಾರು?" ಅಂತ ಮುದುಕನ ಕೈಗೆ ಒಂದು ಪೊರಕೆ ಕೊಟ್ಟ. "ಒಂದು ಮನೆಗೆ ಮೂರು ಮೂಲೆ. ಇವತ್ತಿಂದಲೇ ಶುರು ಮಾಡು."

ರಾಜ ಪಲ್ಲಕ್ಕಿಯಿಂದ ಇಣುಕಿದ. "ಶಹಭಾಸ್! ಅರ್ಧ ರಾಜ್ಯ ನಿನಗೆ ಕೊಟ್ಟೆ!"

"ಕೊಡೋ ಚಾಳಿ ಬಿಡಿ ಬುದ್ಧೀ" ಅಂದ ದೊಡ್ಡೀರ. "ಕೊಟ್ಟು ಕೊಟ್ಟೇ ಈ ಗತಿ ಬಂದದ್ದು. ಮೊದಲು ಆ ಬಟ್ಟಲಿಂದ ಕಾಲು ತೆಗೀರಿ. ಅರಮನೆಗೆ ನಲವತ್ತು ಕೋಣೆ. ಮುದುಕ ಒಬ್ಬನೇ ಎಷ್ಟು ಗುಡಿಸಿಯಾನು? ನೀವೂ ಒಂದು ಪೊರಕೆ ಹಿಡೀರಿ."

ರಾಜನ ಮುಖ ಕೆಂಪಾಯಿತು. ಊರೆಲ್ಲ ಅವನನ್ನೇ ನೋಡುತ್ತಿತ್ತು. ಕೊನೆಗೆ ಒದ್ದೆ ಕಾಲನ್ನು ನೆಲಕ್ಕಿಟ್ಟ. ಏನೂ ಕಚ್ಚಲಿಲ್ಲ. ಇನ್ನೊಂದನ್ನೂ ಇಟ್ಟ. ಪೊರಕೆ ಈಸಿಕೊಂಡ.

ಅವತ್ತೇ ದುಂಡುಮನೆಯಲ್ಲಿ ತೊಟ್ಟಿಲ ಸುತ್ತ ಮುತ್ತೈದೆಯರು ನಿಂತರು. ಐದು ಜನ ಅಲ್ಲ, ಐವತ್ತು ಜನ ನಿಂತರು, ಇನ್ನೂ ಜಾಗ ಉಳಿಯಿತು. ಮರುಳಮ್ಮ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಕೂಗಿದಳು: ಬಯಲಮ್ಮ, ಬಯಲಮ್ಮ, ಬಯಲಮ್ಮ.

ಆಮೇಲೆ ಹಾಸುಗಲ್ಲಿನಲ್ಲಿ ಕೋಳಿ ಕೂಗದ ಅಂಗಳವಿಲ್ಲ, ಗುಡಿಸದ ಮೂಲೆಯಿಲ್ಲ. ಚೇಳುಗಳು ಬಂಡೆಯ ಅಡಿ ಸುಖವಾಗಿದ್ದವು, ಜನ ಮನೆಯೊಳಗೆ ಸುಖವಾಗಿದ್ದರು. ಮೆಟ್ಟು ಮೆಟ್ಟುವ ಮುನ್ನ ಕೊಡವುವುದನ್ನು ಮಾತ್ರ ಇವತ್ತಿಗೂ ಯಾರೂ ಬಿಟ್ಟಿಲ್ಲ. ಕೂಸಿಗೆ ಹೆಸರಿಟ್ಟ ದಿನ ರಾತ್ರಿ ದೊಡ್ಡೀರ ನಡುಮನೆಯಲ್ಲಿ ಅಂಗಾತ ಬಿದ್ದುಕೊಂಡು, ಎರಡೂ ಕಾಲನ್ನು ಎಷ್ಟು ದೂರ ಹೋಗುತ್ತವೋ ಅಷ್ಟು ದೂರಕ್ಕೆ ಚಾಚಿದ.