ಲೆಕ್ಕಕ್ಕುಂಟು, ಆಟಕ್ಕಿಲ್ಲ

“ಈ ಹೆಲ್ಮೆಟ್ ತಲೀಗೇನ್ರಿ, ಫೋಟೋಕ್ಕೇನ್ರಿ?”

ಸುಹಾನಾ ಕೇಳಿದ ರಭಸಕ್ಕೆ ಕ್ಯಾಮೆರಾ ಹಿಡಿದವನೇ ಹಿಂದೆ ಸರಿದ.

ಬಳ್ಳಾರಿ ಹೊರವಲಯದ ಆ ಕಬ್ಬಿಣದ ಕಾರ್ಖಾನೆಗೆ ಕುರುಗೋಡಿನಿಂದ ಕ್ರೇನ್ ಆಪರೇಟರ್ ಆಗಿ ಬಂದವಳು ಆಕೆ. ಕೆಲಸದ ಪರೀಕ್ಷೆಯಲ್ಲಿ ಗಂಡಸರನ್ನೆಲ್ಲ ಹಿಂದಿಕ್ಕಿ ಬಂದವಳು! ಆದರೆ ಸೇರಿದಾಗಿನಿಂದ ಮಾಡಿದ್ದೇನು? ಆಫೀಸಿನ ಮೂಲೆಯಲ್ಲಿ ಕೂತು ಹಾಜರಿ ಬರೆಯುವುದು. ಹೆಡ್ ಆಫೀಸಿನವರು ಬಂದಾಗ ಮಾತ್ರ ಕ್ರೇನ್ ಪಕ್ಕ ನಗುತ್ತ ನಿಲ್ಲುವುದು.

ಮ್ಯಾನೇಜರ್ ಭೀಮರಾಜ ಹಲ್ಲು ಕಿರಿದ. “ಹೆಣ್ಮಕ್ಕಳು ಇಷ್ಟು ಪರ್ಸೆಂಟ್ ಅದಾರ ಅಂತ ತೋರಿಸ್ಬೇಕಮ್ಮ. ನೀನು ನಕ್ಕರ ಸಾಕು.”

“ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತಾರ. ನಿಮ್ಮಲ್ಲಿ ಉಲ್ಟಾ ಐತಿ! ನಾನು ಲೆಕ್ಕಕ್ಕುಂಟು, ಆಟಕ್ಕಿಲ್ಲ!”

ಹೆಲ್ಮೆಟ್ ಮೇಜಿನ ಮೇಲೆ ಕುಕ್ಕಿ ಹೊರಟವಳ ಹಿಂದೆ ಆಸಿಂ ಓಡಿಬಂದ. ಸಿರುಗುಪ್ಪದವನು, ಶಿಫ್ಟ್ ಇನ್‌ಚಾರ್ಜ್. ಆಕೆಯನ್ನು ಕೆಲಸಕ್ಕೆ ಆರಿಸಿದವನು. ಚಹಾದ ಹೊತ್ತಿನ ಮಾತುಗಳಲ್ಲಿ ಆಕೆಯ ಮನಸ್ಸು ಕದ್ದವನೂ ಅವನೇ. ಹಾಳಾದ ಮನಸ್ಸು!

“ನಿಮಗೂ ನಾನು ಬರೀ ಲೆಕ್ಕಾನ ಏನ್ರಿ?” ಅವಳ ಕಣ್ಣು ತುಂಬಿತು.

“ಇಲ್ಲ... ನಿಮ್ಮನ್ನ ಆಫೀಸ್ನಾಗ ಕೂಡ್ಸಿದ್ದು ನಾನ. ಕ್ರೇನಿನ ಮ್ಯಾಲೆ ಕುಲುಮಿ ಝಳ ಬಡೀತೈತಿ. ನಿಮಗೇನರ ಆದ್ರ ನಾನು ತಡ್ಕೊಳಾಕ ಆಗಲ್ಲ. ನೀವಂದ್ರ ನನಗ ಜೀವ, ಸುಹಾನಾ!”

ಅಯ್ಯೋ! ಈ ಮಾತಿಗಾಗಿ ಎಷ್ಟು ಕಾದಿದ್ದಳು! ಈಗ ಬಂದದ್ದು ಮಾತ್ರ ಸಿಟ್ಟು... ನೆತ್ತಿಗೇರುವ ಸಿಟ್ಟು.

“ಅವರು ಫೋಟೋಕ್ಕಂತ ನನ್ನ ಗೊಂಬಿ ಮಾಡಿದ್ರು. ನೀವು ಪ್ರೀತಿ ಅಂತ ಮಾಡಿದ್ರಿ! ಕಲ್ತ ಕೆಲಸ ಕಿತ್ಕೊಳ್ಳೋ ಪ್ರೀತಿ ನನಗ ಬ್ಯಾಡ. ಈಗಿಂದೀಗ ಕುರುಗೋಡು ಬಸ್ ಹತ್ತತೀನಿ.”

ಆಸಿಂ ಗಿರ್ರನೆ ತಿರುಗಿದ. ಹೆಡ್ ಆಫೀಸಿನಿಂದ ಬಂದು ಮೀಟಿಂಗಿನಲ್ಲಿ ಕೂತಿದ್ದ ಸುನಂದಾ ಮೇಡಂ ಮುಂದೆ ನೇರ ಹೋಗಿ ನಿಂತ.

“ಮೇಡಂ, ನಮ್ಮ ಫೋಟೋ ಸುಳ್ಳು. ಸುಹಾನಾನ್ನ ನಾವು ಒಂದಿನಾನೂ ಕ್ರೇನ್ ಹತ್ತಿಸಿಲ್ಲ. ತಡದವನು ನಾನು. ಇವತ್ತು ಹತ್ತಿಸ್ರಿ, ಇಲ್ಲಾಂದ್ರ ನಿಮ್ಮ ಪರ್ಸೆಂಟಿನಾಗಿಂದ ಆಕಿನ್ನ ತೆಗೀರಿ.”

ಭೀಮರಾಜ ಇಂಗು ತಿಂದ ಮಂಗನಂತಾದ. ಮೇಡಂ, ಆಸಿಂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಸುಹಾನಾಳನ್ನು ನೋಡಿ, “ಹತ್ತಮ್ಮ” ಎಂದರು.

ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಮೇಜಿನ ಮೇಲೆ ಕುಕ್ಕಿದ್ದ ಹೆಲ್ಮೆಟ್ ಎತ್ತಿ ತಲೆಗೆ ಬಿಗಿದು ಸರಸರನೆ ಏಣಿ ಹತ್ತಿದಳು. ಕೆಳಗೆ ಆಸಿಂ ಕೈಸನ್ನೆ ಮಾಡಿದ. ಕಬ್ಬಿಣದ ಹೊರೆ ತೂಗಾಡದೆ ಮೇಲೆದ್ದಿತು, ತನ್ನ ಜಾಗದಲ್ಲಿ ಮೆತ್ತಗೆ ಕೂತಿತು. ಕೆಲಸಗಾರರೆಲ್ಲ ಚಪ್ಪಾಳೆ ತಟ್ಟಿದರು!

ಕ್ರೇನಿನ ಖಾಲಿ ಕೊಕ್ಕೆ ವಾಪಸ್ ಬರುತ್ತಿತ್ತು. ಆಸಿಂಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಅದರ ದಾರಿಯ ನಡುವಿಗೆ ಬಂದು, ತಲೆಯೆತ್ತಿ ಕೂಗಿದ.

“ಸುಹಾನಾ... ನನ್ನ ಮದುವಿ ಆಗ್ತೀಯೇನು?”

“ಆಗ್ತೀನ್ರಿ! ಮೊದಲು ಕೊಕ್ಕಿ ಕೆಳಗಿಂದ ಆಚಿ ಸರೀರಿ!”